ಗಾಜಪ್ಪನ ಸ್ವಂತ ಕಲ್ಲುಬೆಂಚು

ದೇವರು ಆ ಊರಿಗೆ ಸಮುದ್ರವನ್ನು ಪುಕ್ಕಟೆ ಕೊಟ್ಟ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದುಂಟೆ? ಊರಿನವರು ಅದಕ್ಕೆ ಬೆನ್ನು ಹಾಕಿ ಮನೆ ಕಟ್ಟಿಕೊಂಡು, ಕಿಟಕಿಗೆ ಪರದೆ ಎಳೆದು, ಟಿವಿಯಲ್ಲಿ ಬೇರೆ ಊರಿನ ಸಮುದ್ರ ನೋಡುತ್ತ ಕೂತಿದ್ದರು. ಹೊರಗಿನ ಜನ ಬಸ್ಸು ಮಾಡಿಕೊಂಡು ನೋಡಲು ಬರತೊಡಗಿದ ಮೇಲೆಯೇ ಇವರಿಗೆ ತಮ್ಮ ಊರಿನಲ್ಲಿ ಏನೋ ಇರಬಹುದೆಂಬ ಅನುಮಾನ ಹುಟ್ಟಿದ್ದು.

ಇದ್ದದ್ದಾದರೂ ಏನು? ಈ ತುದಿಗೆ ಒಂದು ದೀಪಸ್ತಂಭ. ಅದಕ್ಕೆ ವರ್ಷವಿಡೀ ಬಣ್ಣ ಬಳಿಯುವ ಕೆಲಸ ನಡೆಯುವುದರಿಂದ ಹತ್ತಲು ಬಿಡುವುದಿಲ್ಲ. ಆ ತುದಿಗೆ ಹಳೆಯ ಕೋಟೆ. ಉಳಿದಿರುವುದು ಮೂರು ಗೋಡೆ, ಮೂರರ ಮೇಲೂ ಪ್ರೇಮಿಗಳ ಹೆಸರು. ಕೋಟೆಯ ಮಗ್ಗುಲಿಗೆ ವಸ್ತುಸಂಗ್ರಹಾಲಯ. ಅದರೊಳಗೆ ತಿಮಿಂಗಿಲದ ಒಂದು ಮೂಳೆ, ಮೂಳೆಗೆ ಒರಗಿ ನಿದ್ದೆ ಹೊಡೆಯುವ ಒಬ್ಬ ಕಾವಲುಗಾರ. ಅದರಾಚೆ ಅಳಿವೆ. ಅಲ್ಲಿ ನದಿ ಊರಿನ ಕಸವನ್ನೆಲ್ಲ ಸಮುದ್ರಕ್ಕೆ ಒಪ್ಪಿಸುತ್ತದೆ, ಸಮುದ್ರ ಮರುದಿನ ಬೆಳಿಗ್ಗೆ ಅದನ್ನು ಮರ್ಯಾದೆಯಿಂದ ವಾಪಸು ಮಾಡುತ್ತದೆ. ಈ ಕೊಡುಕೊಳ್ಳುವಿಕೆಗೆ ಸಂಗಮ ಎಂದು ಹೆಸರು. ಜನ ಅದರ ಮುಂದೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾರೆ.

ದೀಪಸ್ತಂಭದಿಂದ ಕೋಟೆಯವರೆಗೆ ನಗರಸಭೆ ದಂಡೆಯುದ್ದಕ್ಕೂ ಕಾಲುದಾರಿ ಕಟ್ಟಿಸಿತು. ಕಟ್ಟಿಸಿದ ಮೇಲೆ ಬೊಕ್ಕಸ ಬರಿದಾಗಿ, ಉಳಿದದ್ದನ್ನು ಊರಿನ ದಾನಿಗಳು ನೋಡಿಕೊಳ್ಳಲಿ ಎಂದಿತು. ಅಷ್ಟು ಸಾಕಾಯಿತು. ಬದುಕಿರುವವರ ಹೆಸರು ಕಲ್ಲಿನ ಮೇಲೆ ಬರುತ್ತದೆ ಎಂದು ಗೊತ್ತಾದದ್ದೇ ತಡ, ಊರಿಗೆ ಊರೇ ಉದಾರವಾಯಿತು. ದೀಪದ ಕಂಬಕ್ಕೆ ದಾನಿ, ಹೂವಿನ ಕುಂಡಕ್ಕೆ ದಾನಿ, ಕಸದ ತೊಟ್ಟಿಗೂ ದಾನಿ. ಸಮುದ್ರ ಒಂದಕ್ಕೆ ಮಾತ್ರ ಯಾರೂ ಹೆಸರು ಕೆತ್ತಿಸಲಿಲ್ಲ, ಏಕೆಂದರೆ ಕೆತ್ತಲು ಅದು ನಿಲ್ಲುವುದಿಲ್ಲ.

ಈ ದಾನಶೂರರ ಪೈಕಿ ಮೊದಲಿಗನೇ ನಮ್ಮ ಗಾಜಪ್ಪನ ಷಡ್ಡಕ. ಬಂದರಿನಲ್ಲಿ ಮೀನಿಗೆ ಐಸು ಮಾಡುವ ಕಾರ್ಖಾನೆಯ ಧಣಿ. ಅವನು ದೀಪಸ್ತಂಭದ ಬುಡದಲ್ಲಿ ಕುಡಿಯುವ ನೀರಿನ ನಲ್ಲಿ ಹಾಕಿಸಿದ್ದ. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ಮೇಲಿದ್ದ ಹೆಸರು ಮಾತ್ರ ಮೈಲಿ ದೂರಕ್ಕೆ ಕಾಣುತ್ತಿತ್ತು.

ಗಾಜಪ್ಪ ಎಂದರೆ ಪೇಟೆಬೀದಿಯ ಮೂಲೆಯಲ್ಲಿರುವ ಕನ್ನಡಕದ ಅಂಗಡಿಯವನು. ಗಾಜು ಮಾರುವವನಾದ್ದರಿಂದ ಗಾಜಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಮುಂದೆ ಎರಡು ಇನಿಷಿಯಲ್ಲು, ಹಿಂದೆ ಮನೆತನದ ಹೆಸರು, ನಡುವೆ ಮುತ್ತಾತನಿಂದ ಇಳಿದುಬಂದ ಉದ್ದನೆಯ ಹೆಸರು. ಒಂದೇ ಉಸಿರಿನಲ್ಲಿ ಹೇಳಲಾಗದಂಥದ್ದು. ಅದನ್ನು ಕೊನೆಯ ಸಲ ಪೂರ್ತಿ ಕರೆದವರು ಶಾಲೆಯ ಮೇಷ್ಟ್ರು, ಅದೂ ಬೆಂಚಿನ ಮೇಲೆ ನಿಲ್ಲಿಸಲು.

ಇನ್ನು ಗಾಜಪ್ಪನ ಕಣ್ಣಿನ ವಿಷಯ. ಅಕ್ಷರ ಅವನಿಗೆ ಸರಿಯಾಗಿ ಕಾಣುವುದು ನಿಂತು ಎಷ್ಟೋ ವರ್ಷವಾಗಿತ್ತು. ಊರಿಗೆಲ್ಲ ಕನ್ನಡಕ ಹಾಕಿಸಿದವನು ತಾನು ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ. "ಕನ್ನಡಕ ಮಾರೋನಿಗೇ ಕಣ್ಣು ಕಾಣಲ್ಲ ಅಂದ್ರೆ ಗಿರಾಕಿಗಳು ಏನಂದ್ಕೋತಾರೆ?" ಎಂಬುದು ಅವನ ವಾದ. ಮೂಗು ಗಾಜಿಗೆ ತಾಗಿಸಿ ನಂಬರು ಓದುವುದನ್ನು ನೋಡಿ ಗಿರಾಕಿಗಳು ಅಂದುಕೊಳ್ಳಬೇಕಾದ್ದನ್ನು ಆಗಲೇ ಅಂದುಕೊಂಡಿದ್ದರು, ಅದು ಬೇರೆ ಮಾತು.

ಇಂಥವನ ಎದೆಯಲ್ಲಿ ಮೂವತ್ತು ವರ್ಷದಿಂದ ಒಂದು ಮುಳ್ಳು ಚುಚ್ಚಿಕೊಂಡಿತ್ತು. ಅತ್ತೆಮನೆಯ ನಡುಮನೆಯಲ್ಲಿ ಕೈಯಿರುವ ಕುರ್ಚಿ ಇದ್ದದ್ದು ಒಂದೇ. ಅದು ಹಿರಿಯಳಿಯನಿಗೆ, ಅಂದರೆ ಷಡ್ಡಕನಿಗೆ. ಪಕ್ಕದಲ್ಲಿ ಒಂದು ಸ್ಟೂಲು. ಅದು ಗಾಜಪ್ಪನಿಗೆ. ಷಡ್ಡಕ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಎಲ್ಲರ ಮುಂದೆ ಅವನ ಭುಜ ತಟ್ಟಿ, "ಏನಯ್ಯಾ ಗಾಜಪ್ಪ, ಒಳ್ಳೆಯವನೇ ನೀನು. ಆದ್ರೆ ನನ್ನ ಕಾಲಿನ ಧೂಳಿಗೂ ಸಮ ಅಲ್ಲ ಬಿಡು!" ಎಂದು ಗಹಗಹಿಸುತ್ತಿದ್ದ. ಮನೆಮಂದಿಯೂ ನಗುತ್ತಿತ್ತು. ಗಾಜಪ್ಪನೂ ನಗುತ್ತಿದ್ದ. ನಗದಿದ್ದರೆ ಸ್ಟೂಲೂ ಹೋಗುತ್ತಿತ್ತು.

ಹೀಗಾಗಿ ಷಡ್ಡಕನ ನಲ್ಲಿ ನೋಡಿದ ದಿನವೇ ಗಾಜಪ್ಪ ತೀರ್ಮಾನಿಸಿದ. ತನ್ನದೂ ಒಂದು ಇರಬೇಕು. ಅದು ಕೂರುವಂಥದ್ದೇ ಆಗಿರಬೇಕು. ಪೂರ್ತಿ ಹೆಸರು ಕೆತ್ತಿಸಿದ ಸ್ವಂತ ಕಲ್ಲುಬೆಂಚಿನ ಮೇಲೆ ತಾನು ಕಾಲ ಮೇಲೆ ಕಾಲು ಹಾಕಿ ಕೂತಿರುವಾಗ ಷಡ್ಡಕ ಆ ದಾರಿಯಲ್ಲಿ ಬಂದು, ಓದಿ, ನಿಂತೇ ಮಾತಾಡಿಸಬೇಕು. ಮನುಷ್ಯನಿಗೆ ಬದುಕಿನಲ್ಲಿ ಬೇಕಾದ್ದು ಇಷ್ಟೇ ಎಂದು ಅವನಿಗನ್ನಿಸಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಯನ್ನು ಹೆಂಡತಿ ಆ ವಾರವೆಲ್ಲ ಪಾತ್ರೆ ಕುಕ್ಕಿ ಕುಕ್ಕಿ ಹೇಳಿದಳು. ಅವನ ಕಿವಿಗೆ ಬೀಳಲಿಲ್ಲ.

ನಗರಸಭೆಯ ಉದ್ಯಾನ ವಿಭಾಗದ ಸಾಹೇಬ ಕೇಳಿದ, "ಯಾರ ಹೆಸರಲ್ಲಿ?"

ಇಲ್ಲಿ ಗಾಜಪ್ಪನ ತಲೆ ಕೆಟ್ಟಿತು. 'ನನ್ನದೇ' ಎಂದರಾಗಿತ್ತು, ಕಥೆಯೇ ಇರುತ್ತಿರಲಿಲ್ಲ. ಆದರೆ ದೊಡ್ಡವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದಿಲ್ಲವೆಂದು ಅವನು ಎಲ್ಲೋ ಕೇಳಿದ್ದ. ತಲೆ ತಗ್ಗಿಸಿ, ನಾಚಿಕೊಂಡು, "ನನಗೆ ಬಹಳ ಬೇಕಾದವರೊಬ್ಬರು" ಎಂದು ಪೂರ್ತಿ ಹೆಸರು ಹೇಳಿದ.

"ಒಳ್ಳೇದು, ಇಂಥ ಪ್ರೀತಿ ಅಪರೂಪ," ಎಂದ ಸಾಹೇಬ.

ಕಲ್ಲು ಕೆತ್ತುವವನ ಹತ್ತಿರವೂ ಅದೇ ವಿನಯ. ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಸಮಾಧಿಕಲ್ಲು ಬಿಟ್ಟು ಬೇರೆ ಕೆತ್ತಿದವನಲ್ಲ. ನಲ್ಲಿ, ತೊಟ್ಟಿಗಳ ಕೆಲಸವನ್ನು ಅವನ ತಮ್ಮ ಮಾಡುತ್ತಿದ್ದ, ತಮ್ಮನಿಗೆ ಅಂದು ಜ್ವರ. ಅಣ್ಣ ಹೆಸರು ಕೇಳಿದ. ಗಾಜಪ್ಪ ಎದೆಯುಬ್ಬಿಸಿ ಹೇಳಿದ. ಇಷ್ಟುದ್ದದ ಹೆಸರು ಕೇಳಿ ಕಲ್ಲುಕೆತ್ತುವವನು ಉಳಿ ಕೆಳಗಿಟ್ಟು, "ನಿಮಗೇನಾಗ್ಬೇಕು?" ಎಂದು ಮೆತ್ತಗೆ ಕೇಳಿದ.

"ತುಂಬಾ ಹತ್ತಿರದವರು ಕಣಯ್ಯಾ. ಹೆಚ್ಚಿಗೆ ಕೇಳ್ಬೇಡ, ಸಂಕೋಚ ಆಗತ್ತೆ."

"ಅರ್ಥ ಆಯ್ತು ಬಿಡಿ ಸ್ವಾಮಿ. ಚೆನ್ನಾಗಿ ಮಾಡ್ಕೊಡ್ತೀನಿ," ಎಂದು ಅವನು ಗಾಜಪ್ಪನ ಕೈ ಹಿಡಿದು ಅದುಮಿದ. ಎಂಥ ಸಂಸ್ಕಾರವಂತ ಕೆಲಸಗಾರ ಎಂದುಕೊಂಡ ಗಾಜಪ್ಪ.

ಕಲ್ಲು ತಯಾರಾದಾಗ ನೋಡಲು ಹೋದ. ಅಕ್ಷರಗಳು ಮಂಜುಮಂಜಾಗಿ, ಸಾಲಾಗಿ ಕಂಡವು. ಜೇಬಿನಲ್ಲಿ ಅಂಗಡಿಯ ಕನ್ನಡಕ ಇತ್ತು, ಎದುರಿಗೆ ಜನವೂ ಇತ್ತು. ಹಾಕಿಕೊಳ್ಳಲಿಲ್ಲ. ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸಿ, "ಭೇಷ್, ಆಳವಾಗಿದೆ," ಎಂದು ಒಪ್ಪಿಗೆ ಕೊಟ್ಟ.

ಉದ್ಘಾಟನೆಗೆ ಷಡ್ಡಕ ಊರಲ್ಲಿರಲಿಲ್ಲ, ಐಸಿನ ಯಂತ್ರ ತರಲು ಹೋಗಿದ್ದ. ಹೆಂಡತಿ ಬರುವುದಿಲ್ಲವೆಂದಳು. "ಕೂರೋಕೆ ಒಂದು ಕಲ್ಲು ಹಾಕ್ಸಿ, ಅದನ್ನ ನೋಡೋಕೆ ನಾನು ಅಷ್ಟು ದೂರ ನಡೀಬೇಕಾ? ಮನೇಲಿರೋ ಸ್ಟೂಲಿನ ಕಾಲು ಮುರಿದು ಯಾವ ಕಾಲ ಆಯ್ತು, ಮೊದ್ಲು ಅದನ್ನ ಸರಿ ಮಾಡ್ಸಿ." ಬಂದವರು ನಗರಸಭೆಯ ಅಧ್ಯಕ್ಷರು, ಉದ್ಯಾನದ ಸಾಹೇಬ, ಸಮುದ್ರ ನೋಡಲು ಬಂದು ಸಿಕ್ಕಿಹಾಕಿಕೊಂಡ ನಾಲ್ಕಾರು ಜನ.

ಅಧ್ಯಕ್ಷರು ಬಟ್ಟೆ ಸರಿಸಿ ಕಲ್ಲು ಓದಿದರು. ಮುಖ ಗಂಭೀರವಾಯಿತು. "ಎಲ್ಲರೂ ದಯವಿಟ್ಟು ಒಂದು ನಿಮಿಷ ಮೌನವಾಗಿ ನಿಲ್ಲಬೇಕು," ಎಂದರು.

ಎಲ್ಲರೂ ನಿಂತರು. ಗಾಜಪ್ಪನೂ ಕೈಕಟ್ಟಿ ನಿಂತ. ಅವನ ಕಣ್ಣಲ್ಲಿ ನೀರು ಬಂತು. 'ಷಡ್ಡಕನ ನಲ್ಲಿಗೆ ಬರೀ ಚಪ್ಪಾಳೆ. ನನಗೆ ಮೌನ!' ಎಂದು ಮನಸ್ಸು ಹಿಗ್ಗಿತು. ಆಮೇಲೆ ಅಧ್ಯಕ್ಷರು, "ಈ ಮಹನೀಯರನ್ನು ನೋಡುವ ಭಾಗ್ಯ ನಮಗಿರಲಿಲ್ಲ" ಎಂದಾಗ, ಎದುರಿಗೇ ನಿಂತಿದ್ದೇನಲ್ಲ, ಇವರಿಗೂ ಕನ್ನಡಕ ಬೇಕು ಎಂದುಕೊಂಡ. "ಇವರ ಸಲುವಾಗಿ ಆಸನ ಮಾಡಿಸಿಕೊಟ್ಟ ಗಾಜಪ್ಪನವರಿಗೂ ವಂದನೆಗಳು" ಎಂದಾಗ, ಒಬ್ಬನಿಗೆ ಎರಡೆರಡು ವಂದನೆ ಎಂದು ಮತ್ತೂ ಹಿಗ್ಗಿದ. ಬುದ್ಧಿ ಕಡಿಮೆಯಿದ್ದಷ್ಟೂ ಸಂತೋಷ ಜಾಸ್ತಿ ಎನ್ನುವುದು ಸುಮ್ಮನೆ ಅಲ್ಲ.

ಆಮೇಲಿನ ಕೆಲವು ಸಂಜೆಗಳು ಗಾಜಪ್ಪನ ಬಾಳಿನ ಸುವರ್ಣಯುಗ. ಅಂಗಡಿಯನ್ನು ಬೇಗ ಮುಚ್ಚಿ ಬಂದು ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ. ಸಮುದ್ರದ ಕಡೆ ಒಂದು ದಿನವೂ ನೋಡಲಿಲ್ಲ. ಅವನ ಕಣ್ಣೆಲ್ಲ ದಾರಿಯ ಮೇಲೆ, ಷಡ್ಡಕ ಯಾವಾಗ ಬರುತ್ತಾನೆಂದು.

ಷಡ್ಡಕನ ಬದಲು ಬಂದವನು ಗೈಡು.

ಕೈಯಲ್ಲಿ ಮಡಚಿದ ಕೆಂಪು ಕೊಡೆ, ಹಿಂದೆ ಬಸ್ಸಿನ ಜನ. ದೀಪಸ್ತಂಭದಿಂದ ಕೋಟೆಯವರೆಗೆ ಹೇಳಲು ಏನೂ ಇಲ್ಲದೆ ಇಷ್ಟು ದಿನ ಅವನು ಪಡಬಾರದ ಪಾಡು ಪಟ್ಟಿದ್ದ. ನಡೆದು ನಡೆದು ಸುಸ್ತಾದ ಪ್ರವಾಸಿಗಳು "ಇನ್ನೇನಪ್ಪಾ ಇದೆ ಇಲ್ಲಿ?" ಎಂದು ಜಗಳಕ್ಕೆ ಬರುತ್ತಿದ್ದರು. ಸುಳ್ಳು ಹೇಳೋಣವೆಂದರೆ ಅದನ್ನು ತೂಗುಹಾಕಲು ಒಂದು ಗೂಟವಾದರೂ ಬೇಡವೆ? ಈಗ ಸಿಕ್ಕಿತ್ತು.

"ಏಳಿ ಯಜಮಾನ್ರೇ, ಏಳಿ, ಅದರ ಮೇಲೆಲ್ಲಾ ಕೂರಬಾರ್ದು," ಎಂದು ಅವನು ಗಾಜಪ್ಪನನ್ನು ಕೊಡೆಯ ತುದಿಯಿಂದ ಪಕ್ಕಕ್ಕೆ ಸರಿಸಿದ. ಆಮೇಲೆ ಜನರ ಕಡೆ ತಿರುಗಿ ಧ್ವನಿ ನಡುಗಿಸಿದ. "ಅಮ್ಮಂದಿರೇ, ಅಪ್ಪಂದಿರೇ, ಒಂದು ಬಿರುಗಾಳಿಯ ದಿನ. ಇದೇ ಜಾಗ. ದೋಣಿ ಮಗುಚಿ ಏಳು ಜನ ನೀರುಪಾಲು. ದಡದಲ್ಲಿ ನಿಂತಿದ್ದವರೆಲ್ಲ ಅಯ್ಯೋ ಅಂದ್ರೇ ಹೊರತು ಯಾರೂ ಇಳೀಲಿಲ್ಲ. ಆಗ ಈ ಮಹಾನುಭಾವರು ಹಾಕಿದ ಬಟ್ಟೆಯಲ್ಲೇ ಧುಮುಕಿ, ಏಳೂ ಜನರನ್ನ ಒಬ್ಬೊಬ್ಬರನ್ನಾಗಿ ದಡಕ್ಕೆ ತಂದು ಹಾಕಿದ್ರು. ಏಳನೆಯವರನ್ನ ತಂದು ಹಾಕಿ, 'ಇನ್ಯಾರಾದ್ರೂ ಇದ್ದಾರಾ?' ಅಂತ ಕೇಳಿ, ಇಲ್ಲೇ, ಇದೇ ಕಲ್ಲಿನ ಹತ್ತಿರ..." ಮುಂದೆ ಮಾತು ಹೊರಡದಂತೆ ಕೊಡೆಯನ್ನು ಎದೆಗೊತ್ತಿಕೊಂಡ.

ಹೆಂಗಸರು ಕಣ್ಣೊರೆಸಿಕೊಂಡರು. ಗಾಜಪ್ಪನೂ ಒರೆಸಿಕೊಂಡ. ಎಂಥ ಮನುಷ್ಯ! ಯಾರಪ್ಪಾ ಅದು? ಎಂದು ಸುತ್ತ ನೋಡಿದ. ಗೈಡು ಹೆಸರು ಹೇಳಿದ. ಮುಂದೆ ಎರಡು ಇನಿಷಿಯಲ್ಲು, ಹಿಂದೆ ಮನೆತನದ ಹೆಸರು.

ಗಾಜಪ್ಪ ಪಕ್ಕದಲ್ಲಿದ್ದ ಹೆಂಗಸಿನ ಮೂಗಿನ ಮೇಲಿನ ಕನ್ನಡಕವನ್ನು "ಒಂದ್ನಿಮಿಷ ತಾಯಿ" ಎಂದು ಕಿತ್ತುಕೊಂಡು, ಹಾಕಿಕೊಂಡು, ಬಗ್ಗಿ ಓದಿದ. ಹೆಸರು ಸರಿಯಾಗಿಯೇ ಇತ್ತು. ಅದಕ್ಕೂ ಮೊದಲು 'ದಿವಂಗತ' ಎಂದಿತ್ತು. ಕೊನೆಗೆ 'ಇವರ ಪುಣ್ಯಸ್ಮರಣೆಗಾಗಿ' ಎಂದಿತ್ತು. ಅಕ್ಷರ ನಿಜಕ್ಕೂ ಬಹಳ ಆಳವಾಗಿತ್ತು.

"ನಾನು! ಇದು ನಾನು! ನಾನು ಸತ್ತಿಲ್ಲ!" ಎಂದು ಕೂಗಿದ.

"ಪಾಪ, ಆ ಏಳು ಜನರಲ್ಲಿ ಇವರ ಕಡೆಯವರು ಯಾರೋ ಇದ್ದಿರಬೇಕು, ಮನಸ್ಸಿಗೆ ಹಚ್ಕೊಂಡುಬಿಟ್ಟಿದ್ದಾರೆ," ಎಂದಳು ಕನ್ನಡಕ ಕಳೆದುಕೊಂಡ ಹೆಂಗಸು. "ಕನ್ನಡಕ ಕೊಡಪ್ಪಾ."

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಸೌಟು ಹಿಡಿದುಕೊಂಡೇ ಕೇಳಿದಳು. "ಏಳು ಜನಾನಾ? ಹಿತ್ತಲ ಬಾವಿಯಿಂದ ಒಂದು ಬಕೆಟ್ ನೀರು ಎತ್ತಿದ್ದು ನಾನು ಕಾಣೆ! ಅದಿರ್ಲಿ, ಈಗ ನಿಮಗೆ ತಟ್ಟೆ ಹಾಕ್ಬೇಕೋ ಬೇಡ್ವೋ, ಅಷ್ಟು ಹೇಳಿ. ಸತ್ತೋರಿಗೆ ಅಂತ ನಾನು ಅನ್ನ ಇಟ್ಟಿಲ್ಲ."

ಮರುದಿನ ಕಲ್ಲುಕೆತ್ತುವವನ ಮೇಲೆ ಹರಿಹಾಯ್ದ. ಅವನು ಉಳಿ ಕೆಳಗಿಡಲೇ ಇಲ್ಲ. "ನೋಡಿ ಸ್ವಾಮಿ, ನನ್ನ ಹತ್ರ ಪೂರ್ತಿ ಹೆಸರು ಹಿಡ್ಕೊಂಡು ಬರೋರೆಲ್ಲ ಸತ್ತೋರ ಕಡೆಯವರೇ. ಬದುಕಿರೋವಾಗ ಯಾರನ್ನ ಯಾರು ಪೂರ್ತಿ ಹೆಸರಲ್ಲಿ ಕರೀತಾರೆ, ಹೇಳಿ? ಹೆಸರಿನ ಆಚೀಚೆಯ ಪದ ನನ್ನ ಕೈ ತಾನಾಗೇ ಕೆತ್ತಿಬಿಡತ್ತೆ. ನೀವೂ ಮುಟ್ಟಿ ನೋಡಿ ಭೇಷ್ ಅಂದ್ರಲ್ಲ?"

"ಅಳಿಸು ಅದನ್ನ!"

"ಕಲ್ಲಲ್ಲಿ ಅಳಿಸೋದುಂಟಾ? ಹೊಸಾ ಕಲ್ಲೇ ಬೇಕು. ಸುಮ್ನೆ ಯಾಕೆ ದುಡ್ಡು ದಂಡ ಮಾಡ್ಕೋತೀರಾ. ಸ್ವಲ್ಪ ತಾಳ್ಮೆ ತಗೊಳ್ಳಿ, ಇವತ್ತಲ್ಲ ನಾಳೆ ಅದು ತಾನಾಗೇ ಸರಿಹೋಗತ್ತೆ."

ನಗರಸಭೆಗೆ ಓಡಿದ. ಅಷ್ಟರಲ್ಲಿ ಗೈಡಿನ ಕಥೆ ಬಸ್ಸಿನಿಂದ ಬಸ್ಸಿಗೆ ಹಬ್ಬಿ, ಏಳು ಹನ್ನೊಂದಾಗಿ, ಜನ ದೀಪಸ್ತಂಭವನ್ನೂ ಮೂಳೆಯನ್ನೂ ಬಿಟ್ಟು ನೇರ ಬೆಂಚು ಎಲ್ಲಿ ಎಂದು ಕೇಳತೊಡಗಿದ್ದರು. ಬಸ್ ನಿಲ್ದಾಣದ ನೋಡತಕ್ಕ ಸ್ಥಳಗಳ ಫಲಕದಲ್ಲಿ ಕೋಟೆಯ ಮೇಲೆ, ದೀಪಸ್ತಂಭದ ಕೆಳಗೆ 'ಸಾಹಸಿಯ ಆಸನ' ಎಂದು ಬಣ್ಣ ಬಳಿದಾಗಿತ್ತು. ಬೆಂಚಿಗೆ ಸುತ್ತಲೂ ಹಿತ್ತಾಳೆಯ ಸರಪಳಿ ಬಂದಿತ್ತು. ದಿನಾ ಬೆಳಿಗ್ಗೆ ಒಬ್ಬ ಆಳು ಬಂದು ಮೇಣ ಹಚ್ಚಿ, ಮುಖ ಕಾಣುವಂತೆ ಉಜ್ಜಿ ಹೋಗುತ್ತಿದ್ದ.

"ಸಾರ್, ಆ ಬೆಂಚು ನನ್ನದು. ನನಗೆ ಅದರ ಮೇಲೆ ಕೂರಬೇಕು," ಎಂದ ಗಾಜಪ್ಪ.

"ಸ್ಮಾರಕದ ಮೇಲೆ ಕೂರೋಕೆ ಬಿಡೋದಿಲ್ಲ ರೀ," ಎಂದ ಸಾಹೇಬ.

"ಸ್ಮಾರಕ ಅಲ್ಲ ಅದು. ಸತ್ತವರು ಯಾರೂ ಇಲ್ಲ."

"ಹಾಗೆ ಹೇಳೋದು ಅವರ ಮನೆಯವರು ಹೇಳ್ಬೇಕು. ನೀವು ಮೃತರಿಗೆ ಏನಾಗ್ಬೇಕು?"

"ನಾನೇ ಮೃತ!"

ಸಾಹೇಬ ಪೆನ್ನು ಕೆಳಗಿಟ್ಟ. ಪಕ್ಕದ ಮೇಜಿನವರೂ ಪೆನ್ನು ಕೆಳಗಿಟ್ಟರು. "ಗಾಜಪ್ಪನವರೇ, ಅವತ್ತು ನೀವೇ ಬಂದು ಬಹಳ ಬೇಕಾದವರು ಅಂದ್ರಿ. ಕೊಟ್ಟೋರು ಬೇರೆ, ಸತ್ತೋರು ಬೇರೆ. ಇಬ್ಬರೂ ಒಬ್ಬರೇ ಅಂದ್ರೆ ನಾವು ಯಾರಿಗೆ ವಂದನೆ ಹೇಳಿದ್ವಿ, ಯಾರಿಗೆ ಮೌನ ನಿಂತ್ವಿ?"

"ಅಯ್ಯೋ, ಅದು ನನ್ನ ಹೆಸರು ಸಾರ್! ಬೇಕಾದ್ರೆ ಕಾರ್ಡು ನೋಡಿ!"

"ಒಂದೇ ಹೆಸರಿನೋರು ಊರಲ್ಲಿ ಎಷ್ಟು ಜನ ಇರಲ್ಲ? ನನ್ನ ಹೆಸರೂ ಒಬ್ಬ ಮಹಾರಾಜನ ಹೆಸರೇ. ನಾನು ಹೋಗಿ ಅರಮನೆ ಕೇಳಿದ್ರೆ ಕೊಡ್ತಾರಾ? ಒಬ್ಬ ದೊಡ್ಡ ಮನುಷ್ಯ ಜೀವ ಕೊಟ್ಟು ಹೆಸರು ತಗೊಂಡಿದ್ದಾರೆ, ಅದಕ್ಕೂ ಕೈ ಹಾಕ್ತೀರಲ್ಲ, ನಾಚಿಕೆ ಆಗಲ್ವಾ? ಹೋಗಿ, ಮೇಲಿನಿಂದ ಪ್ರವಾಸೋದ್ಯಮದ ದೊಡ್ಡ ಸಾಹೇಬ್ರು ಬರ್ತಾ ಇದ್ದಾರೆ, ನಮಗೆ ತಲೆ ಕೆರ್ಕೊಳ್ಳೋಕೆ ಪುರುಸೊತ್ತಿಲ್ಲ."

ಅಂದರೆ ಮೌನಕ್ಕೆ ನಿಂತ ಅಧ್ಯಕ್ಷರು ತಪ್ಪು ಮಾಡಿದಂತಾಗಬಾರದು, ಸರಪಳಿ ತಂದ ಸಾಹೇಬ ತಪ್ಪು ಮಾಡಿದಂತಾಗಬಾರದು, ಗೈಡಿನ ಹೊಟ್ಟೆ ಮೇಲೆ ಹೊಡೆದಂತಾಗಬಾರದು. ಇಷ್ಟು ಜನರ ಮರ್ಯಾದೆಯ ಎದುರು ಒಬ್ಬ ಗಾಜಪ್ಪ ಬದುಕಿದ್ದರೆಷ್ಟು, ಸತ್ತರೆಷ್ಟು?

ಕೊನೆಗೊಮ್ಮೆ ಷಡ್ಡಕ ಊರಿಗೆ ಬಂದ. ಗಾಜಪ್ಪ ಐಸು ಕಾರ್ಖಾನೆಗೆ ಓಡಿ, ಅವನನ್ನು ಬೆಂಚಿನವರೆಗೆ ಎಳೆದುಕೊಂಡೇ ಬಂದ. ಈ ಹೆಸರು ಅವನಿಗಾದರೂ ನೆನಪಿರಬೇಕು, ಮದುವೆಯ ಕರೆಯೋಲೆಯಲ್ಲಿ ಅಚ್ಚಾಗಿತ್ತು. ಸುತ್ತ ಬಸ್ಸಿನ ಜನ ಹೂವಿಡುತ್ತ ನಿಂತಿತ್ತು. ಷಡ್ಡಕ ಹೂವು ನೋಡಿದ, ಜನ ನೋಡಿದ, ಹಿತ್ತಾಳೆ ಸರಪಳಿ ನೋಡಿದ. ಅಷ್ಟು ಜನ ಅವನ ನಲ್ಲಿಯ ಹತ್ತಿರ ಎಂದೂ ಸೇರಿರಲಿಲ್ಲ.

"ಓದಿದ್ರಾ ಷಡ್ಡಕರೇ? ಯಾರ ಹೆಸರು ಅದು?" ಎಂದ ಗಾಜಪ್ಪ.

ಷಡ್ಡಕ ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳಿಸುವಂತೆ ನಿಟ್ಟುಸಿರಿಟ್ಟ. "ಇವರನ್ನ ನಾನು ಮರೀತೀನಾ! ನಾವಿಬ್ರೂ ಒಂದೇ ತಟ್ಟೇಲಿ ಉಂಡು ಬೆಳೆದೋರು."

ಗೈಡು ಕೊಡೆಯನ್ನು ಅವನತ್ತ ತಿರುಗಿಸಿದ. ಜನ ಸುತ್ತುವರಿಯಿತು. ಗಾಜಪ್ಪ ಅವನ ತೋಳು ಜಗ್ಗಿ, "ಅದು ನನ್ನ ಹೆಸರು ಕಣ್ರೀ!" ಎಂದು ಪಿಸುಗುಟ್ಟಿದ.

"ನಿನ್ನ ಹೆಸರು ಗಾಜಪ್ಪ. ಮೂವತ್ತು ವರ್ಷದಿಂದ ಕರೀತಿದೀನಿ, ನನಗೆ ಗೊತ್ತಿಲ್ವಾ? ಅತ್ಲಾಗೆ ಹೋಗು, ದೊಡ್ಡವರ ವಿಷಯ ಮಾತಾಡ್ತಾ ಇದೀವಿ."

ಮೇಲಿನ ದೊಡ್ಡ ಸಾಹೇಬರು ಬರುವ ದಿನ ದಂಡೆಯಲ್ಲಿ ಶಾಮಿಯಾನ ಎದ್ದಿತು. ಸಾಹಸಿಯ ಬಾಲ್ಯದ ಗೆಳೆಯನೆಂದು ಷಡ್ಡಕನಿಗೆ ವೇದಿಕೆಯ ಮೇಲೆ ಕೈಯಿರುವ ಕುರ್ಚಿ. ಕಾರಿನಲ್ಲಿ ಜಾಗವಿದೆಯೆಂದು ಅಕ್ಕ ಬಲವಂತ ಮಾಡಿದ್ದರಿಂದ ಗಾಜಪ್ಪನ ಹೆಂಡತಿಯೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಗಾಜಪ್ಪ ಸರಪಳಿಗೆ ಒತ್ತಿಕೊಂಡು ನಿಂತಿದ್ದ. ಅವನ ಹಿಂದೆ ಮೊಣಕಾಲೆತ್ತರದ ತಡೆಗೋಡೆ, ಅದರ ಕೆಳಗೆ ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲ ಮೇಲೆ ಭರತದ ಅಲೆ.

ಗೈಡು ದೊಡ್ಡ ಫಲಕದಿಂದ ಸಾಹಸಿಯ ಚರಿತ್ರೆ ಓದಿದ. ಉಳಿಸಿದವರು ಈಗ ಹದಿನೇಳು. ಕಷ್ಟದಲ್ಲಿದ್ದವರಿಗೆಲ್ಲ ಕೊಟ್ಟು ಕೈ ಬರಿದು ಮಾಡಿಕೊಂಡ ಉದಾರಿ. ಹೆಂಡತಿಗೆ ಜೀವಮಾನದಲ್ಲಿ ಒಂದು ಗದರಿದ ಮಾತಾಡದವರು. ದಿನಾ ಬೆಳಿಗ್ಗೆ ಅವಳಿಗಿಂತ ಮೊದಲೆದ್ದು ಕಾಫಿ ಮಾಡಿ ಎಬ್ಬಿಸುತ್ತಿದ್ದವರು. ಮುಂದಿನ ಸಾಲಿನಲ್ಲಿ ಒಂದು ಬಾಯಿ ಅರ್ಧ ತೆರೆದು ಹಾಗೇ ನಿಂತಿತು.

ಆಮೇಲೆ ಷಡ್ಡಕ ಎದ್ದ. ಕರವಸ್ತ್ರ ತೆಗೆದ. ದೊಡ್ಡ ಸಾಹೇಬರು ತನ್ನ ಕಡೆಯೇ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು ಗದ್ಗದಿತನಾದ. "ಏನು ಹೇಳಲಿ, ಎಂಥ ಮನುಷ್ಯ! ನನ್ನ ಹತ್ರ ಕಾರ್ಖಾನೆ ಇರಬಹುದು, ಕಾರಿರಬಹುದು. ಆದ್ರೆ ಸತ್ಯ ಹೇಳ್ತೀನಿ ಸ್ವಾಮಿ, ನಾನು ಅವರ ಕಾಲಿನ ಧೂಳಿಗೂ ಸಮ ಅಲ್ಲ!"

ಗಾಜಪ್ಪನ ಮೈಯೆಲ್ಲ ಜುಮ್ಮೆಂದಿತು. ಮೂವತ್ತು ವರ್ಷ! ಮೂವತ್ತು ವರ್ಷ ಸ್ಟೂಲಿನ ಮೇಲೆ ಕೂತು ಕಾದ ಮಾತು! ಅದೇ ಬಾಯಿಂದ, ಮೈಕಿನಲ್ಲಿ, ಊರಿನ ಮುಂದೆ! ಇನ್ನು ತಡೆಯಲಾಗಲಿಲ್ಲ. ಸರಪಳಿ ಹಾರಿ, ಬೆಂಚಿನ ಮೇಲೆ ಹತ್ತಿ ನಿಂತು, ಎರಡೂ ಕೈಯೆತ್ತಿ ಕಿರುಚಿದ. "ಷಡ್ಡಕರೇ! ಇನ್ನೊಂದ್ಸಲ ಹೇಳಿ! ಅದು ನಾನೇ! ನನ್ನ ಕಾಲು! ಇಲ್ನೋಡಿ, ಇದೇ ಕಾಲು!"

ಕಾಲು ತೋರಿಸಲು ಎತ್ತಿದ. ಇನ್ನೊಂದು ಕಾಲು ದಿನಾ ಮೇಣ ಹಚ್ಚಿ ಉಜ್ಜಿದ ಕಲ್ಲಿನ ಮೇಲಿತ್ತು. ಬೆಂಚಿನಿಂದ ಜಾರಿ, ತಡೆಗೋಡೆಯ ಮೇಲಿಂದ ಉರುಳಿ, ಒಂದು ಸಲ ಗಾಳಿಯಲ್ಲಿ ಕಂಡು, ನೀರಿಗೆ ಬಿದ್ದ.

ದಡದಲ್ಲಿದ್ದವರೆಲ್ಲ ಅಯ್ಯೋ ಅಂದರೇ ಹೊರತು ಯಾರೂ ಇಳಿಯಲಿಲ್ಲ. ಗೈಡಿನ ಇಡೀ ಕಥೆಯಲ್ಲಿ ನಿಜವಾದದ್ದು ಇದೊಂದೇ ಮಾತು. ಗೈಡು ಕೊಡೆ ಚಾಚಿದ, ಎಟುಕಲಿಲ್ಲ. ಷಡ್ಡಕ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಹೆಂಡತಿ ಒಬ್ಬಳೇ "ಯಾರಾದ್ರೂ ಹಿಡೀರೋ! ಈಜು ಬರಲ್ಲ ಅವರಿಗೆ!" ಎಂದು ಚೀರುತ್ತ ಮೆಟ್ಟಿಲಿನತ್ತ ಓಡಿದಳು. ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂದು ಗಾಜಪ್ಪನನ್ನು ಎತ್ತಿ ಅವಳ ಕಾಲಬುಡಕ್ಕೆ, ಮೆಟ್ಟಿಲ ಮೇಲೆ, ತಂದು ಬಿಸಾಕಿ ಹೋಯಿತು. ಊರಿನ ಕಸವನ್ನು ಮರಳಿಸುವುದು ಆ ಸಮುದ್ರದ ಹಳೆಯ ಅಭ್ಯಾಸ.

ಗೈಡು ಮೊದಲು ಬಾಯಿ ತೆರೆದ, ಅವನ ಹೊಟ್ಟೆಪಾಡೇ ಅದಲ್ಲವೆ? "ನೋಡಿದ್ರಾ! ಸತ್ತ ಮೇಲೂ ಕಾಪಾಡೋದು ಬಿಡಲಿಲ್ಲ ಆ ಪುಣ್ಯಾತ್ಮ! ಇವರು ಹದಿನೆಂಟನೆಯವರು!"

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು.

ಗಾಜಪ್ಪ ಕುಡಿದಿದ್ದ ಉಪ್ಪುನೀರನ್ನೆಲ್ಲ ಉಗುಳಿ, "ಸುಳ್ಳು! ನಾನೇ ಅದು! ಇವಳು ನನ್ನ ಹೆಂಡ್ತಿ, ಕೇಳಿ ಇವಳನ್ನ!" ಎಂದ. ಅವನ ಬದುಕಿಗೆ ಉಳಿದಿದ್ದ ಸಾಕ್ಷಿ ಅವಳೊಬ್ಬಳೇ.

ದೊಡ್ಡ ಸಾಹೇಬರು ವೇದಿಕೆಯಿಂದಿಳಿದು ಬಂದರು. "ಅಮ್ಮಾ, ನೀವೇ ಹೇಳಿ. ಆ ಫಲಕದಲ್ಲಿರೋರು ನಿಮ್ಮ ಯಜಮಾನರೇನಮ್ಮಾ?"

ಹೆಂಡತಿಗೆ ಗಂಡ ಹೋಗಿಯೇಬಿಟ್ಟನೆಂದು ಎದೆ ಒಡೆದದ್ದು ಇನ್ನೂ ಕೂಡಿಕೊಂಡಿರಲಿಲ್ಲ. ಬದುಕಿದ ಎಂದು ಗೊತ್ತಾದೊಡನೆ ಹೆದರಿಕೆಯೆಲ್ಲ ಸಿಟ್ಟಾಯಿತು. ಸೆರಗಿನಿಂದ ಅವನ ತಲೆ ಒರೆಸುತ್ತ ಫಲಕದ ಕಡೆ ನೋಡಿದಳು. ಹದಿನೇಳು ಜನ, ಬರಿಗೈ, ಗದರದ ಬಾಯಿ, ಬೆಳಗಿನ ಕಾಫಿ. ಆಮೇಲೆ ಗಂಡನನ್ನು ನೋಡಿದಳು. ಕಾಲಿಗೆ ಸುತ್ತಿಕೊಂಡ ಪ್ಲಾಸ್ಟಿಕ್ಕು, ಕಿವಿಯಲ್ಲಿ ಮರಳು.

"ಕಾಫಿ ಮಾಡಿ ಎಬ್ಬಿಸ್ತಿದ್ದೋರಾ? ನಮ್ಮನೆಯವರಾ?" ಎಂದು ಹಣೆ ಚಚ್ಚಿಕೊಂಡಳು. "ಅಯ್ಯೋ, ಅಂಥ ಅದೃಷ್ಟ ನನಗೆಲ್ಲಿ ಬರಬೇಕು ಸ್ವಾಮಿ!"

ಅಷ್ಟೇ. ಅವಳು ಚುಚ್ಚಿದ್ದು ಗಂಡನಿಗೆ, ಜನ ಕೇಳಿಸಿಕೊಂಡದ್ದು ತೀರ್ಪು. ದೊಡ್ಡ ಸಾಹೇಬರು ತಲೆಯಾಡಿಸಿದರು. ಷಡ್ಡಕ ಧೈರ್ಯವಾಗಿ ಇಳಿದುಬಂದು ಗಾಜಪ್ಪನ ಒದ್ದೆ ಭುಜ ತಟ್ಟಿ, "ಇವನು ನನ್ನ ಷಡ್ಡಕ. ಒಳ್ಳೆಯವನೇ, ಸ್ವಲ್ಪ ತಲೆ ಹಾಗೆ," ಎಂದು ಎಲ್ಲರಿಗೂ ಪರಿಚಯಿಸಿದ.

ಈಗ ಬೆಂಚಿನ ಮೇಲೆ ಇನ್ನೊಂದು ಸಾಲು ಕೆತ್ತಿದ್ದಾರೆ, ಷಡ್ಡಕನ ಖರ್ಚಿನಲ್ಲಿ. 'ಇವರ ಕೃಪೆಯಿಂದ ಕಡಲಿನಿಂದ ಉಳಿದು ಬಂದವರಲ್ಲಿ ಕೊನೆಯವರು ಗಾಜಪ್ಪ.' ಹೀಗೆ ಒಂದೇ ಕಲ್ಲಿನಲ್ಲಿ ಗಾಜಪ್ಪನ ಎರಡೂ ಹೆಸರು ಬಂದವು. ಷಡ್ಡಕನಿಗೆ ಒಂದೇ ಹೆಸರು, ಅದೂ ನೀರಿಲ್ಲದ ನಲ್ಲಿಯ ಮೇಲೆ. ಆ ಲೆಕ್ಕದಲ್ಲಿ ನೋಡಿದರೆ ಗಾಜಪ್ಪನೇ ಗೆದ್ದಂತೆ ಎಂದು ಊರಿನಲ್ಲಿ ಯಾರೂ ಹೇಳಲಿಲ್ಲ.

ಸಂಜೆಯ ಹೊತ್ತು ಅವನು ಈಗಲೂ ಅಲ್ಲಿಗೆ ಹೋಗುತ್ತಾನೆ. ಕೂರಲು ಬಿಡುವುದಿಲ್ಲ, ನಿಂತರೆ ಕಾಲು ನೋಯುತ್ತದೆ. "ಹೋಗೋದೇ ಹೌದು ಅಂದ್ರೆ ಇದನ್ನಾದ್ರೂ ತಗೊಂಡ್ಹೋಗಿ," ಎಂದು ಹೆಂಡತಿ ಮನೆಯ ಸ್ಟೂಲಿಗೆ ಕಾಲು ಹಾಕಿಸಿಕೊಟ್ಟಳು. ಸರಪಳಿಯ ಹೊರಗೆ ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಗೈಡಿಗೂ ಅನುಕೂಲ, ಕಥೆಯ ಕೊನೆಯಲ್ಲಿ ಕೊಡೆಯಿಂದ ತೋರಿಸಲು ಜೀವಂತ ಸಾಕ್ಷಿ ಸಿಕ್ಕಂತಾಯಿತು. ಮೊದಮೊದಲು ಗಾಜಪ್ಪ ಅಲ್ಲ ಅಲ್ಲ ಎನ್ನುತ್ತಿದ್ದ. ಆಮೇಲೆ ಸುಮ್ಮನಿದ್ದ. ಆಮೇಲೆ ಅಲೆ ಎಷ್ಟೆತ್ತರವಿತ್ತೆಂದು ಕೈಯೆತ್ತಿ ತೋರಿಸತೊಡಗಿದ.

ಮೊನ್ನೆ ಬಸ್ಸಿನಿಂದಿಳಿದ ಮುದುಕಿಯೊಬ್ಬಳು ಕಲ್ಲಿಗೆ ಹೂವಿಟ್ಟು, ಅವನ ಹತ್ತಿರ ಬಂದು ಕೇಳಿದಳು. "ನೀವು ಅವರನ್ನ ನೋಡಿದ್ರಾ ಅಪ್ಪಾ? ಹೇಗಿದ್ರು?"

ಗಾಜಪ್ಪ ಸ್ಟೂಲಿನ ಮೇಲೆ ನೆಟ್ಟಗೆ ಕೂತ. ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, ಕಲ್ಲಿನ ಮೇಲೆ ಮಂಜುಮಂಜಾಗಿ ಕಾಣುತ್ತಿದ್ದ ಆ ಉದ್ದನೆಯ ಹೆಸರನ್ನು ಬಹಳ ಹೊತ್ತು ನೋಡಿದ.

"ಬಹಳ ದೊಡ್ಡ ಮನುಷ್ಯ ತಾಯಿ," ಎಂದ. "ನಾನು ಅವರ ಕಾಲಿನ ಧೂಳಿಗೂ ಸಮ ಅಲ್ಲ."